ಕೂಗದ ಬಂಡಿ

ಆಂಬ್ಯುಲೆನ್ಸ್ ಎಂದೊಡನೆ ವಾಚಕರ ಕಣ್ಣಿಗೆ ಕಟ್ಟುವುದು ಕೂಗುತ್ತ ಓಡುವ ಬಂಡಿ. 1948ರಲ್ಲಿ ಆರಂಭವಾದ ಇಂಗ್ಲೆಂಡಿನ ಸರಕಾರಿ ಆರೋಗ್ಯಸೇವೆಯಲ್ಲಿ ಕೂಗದೆ ಸಾಗುವ ಬಂಡಿಗಳೂ ಉಂಟು. ಮೂತ್ರಪಿಂಡ ಕೆಟ್ಟವರು ರಕ್ತಶುದ್ಧಿಗಾಗಿ ಸಾಮಾನ್ಯವಾಗಿ ವಾರಕ್ಕೆ 3 ಸಲ, ಪ್ರತಿಸಲವೂ ಸುಮಾರು 4 ಗಂಟೆ, ಆಸ್ಪತ್ರೆಯ ಯಂತ್ರದ ಬಳಿ ಇರಬೇಕಾಗುವುದು. ತಾವಾಗಿ ಹೋಗಲಾರದ ಇಂಥವರನ್ನು ಕರೆದೊಯ್ದು ಮರಳಿ ತರುವುದು ಈ ಬಂಡಿಯ ಸಹಾಯಕರ ಕೆಲಸ. ಬಂಡಿ ನಡೆಯಿಸುವುದೇ ಅದರಲ್ಲಿ ಸುಲಭವಾದ ಭಾಗವೆಂದು ನನ್ನೆಣಿಕೆ. ಹಿಂದಿರುಗುವಾಗ ರೋಗಿಯು ಬಳಲಿರುವನು. ರಕ್ತದ ಒತ್ತಡವಿಳಿದು, ಎದ್ದೊಡನೆ ತಲೆಸುತ್ತುವುದೂ ಉಂಟು. ಒಂಟಿಯಾಗಿರುವ ಮುದುಕಿಯನ್ನು ಬಾಗಿಲಲ್ಲಿ ಇಳಿಸಿ ಹೊರಟರೆ ತೀರಿತೆ? ಒಳಗೆ ಕೂರಿಸಿ, ದೀಪ ಹಾಕಿ, ಊರುಗೋಲನ್ನು ಕೈಗೆಟಕುವಲ್ಲಿಟ್ಟು ಬರಬೇಕು. ಅಷ್ಟರಲ್ಲಿ ಬಂಡಿಯೊಳಗೆ, ಅವಳಷ್ಟೇ ಬಳಲಿದ ಇನ್ನಿಬ್ಬರು ಮನೆ ಸೇರಲು ಕಾಯುತ್ತಿರುತ್ತಾರೆ.