ಸೋರುವ ರೇಡಿಯೇಟರಿಗೆ ಅರಿಸಿನವೆ?

ಹಳೆಯ ಕಾರನ್ನೋ ಟೆಂಪೋವನ್ನೋ ನೆಚ್ಚಿ ಜೀವನ ಸಾಗಿಸುವವರಿಗೆ, ರೇಡಿಯೇಟರು ಸೋರತೊಡಗಿದೊಡನೆ ನೆನಪಾಗುವುದು ಅಡುಗೆಮನೆಯ ಅರಿಸಿನದ ಪುಡಿ. ಅದನ್ನು ನೀರಿಗೆ ಸುರಿದರೆ ತೂತು ಮುಚ್ಚುವುದೆಂಬುದು ನಮ್ಮ ಚಾಲಕರಲ್ಲಿ ಬಹುಕಾಲದಿಂದ ಬಂದ ಮಾತು. ಇದನ್ನು ಮೂಢನಂಬಿಕೆಯೆಂದು ನಗುವವರೊಡನೆ ನಾನು ಸೇರಲಾರೆ. ನೀರಿನೊಡನೆ ತೂತಿನತ್ತ ನುಗ್ಗಿದ ಕಣಗಳು ಅಲ್ಲಿ ಅಡಕವಾಗಿ ಸೋರಿಕೆ ಕೆಲಕಾಲ ನಿಲ್ಲುವುದುಂಟು. ಆದರೆ ಪುಡಿಗೆ ಕಣ್ಣಿಲ್ಲ. ಮುಚ್ಚಬೇಕಾದ ತೂತು ಯಾವುದು, ತೆರೆದಿರಬೇಕಾದ ಸಪೂರ ಕೊಳವೆ ಯಾವುದು ಎಂಬ ವಿವೇಚನೆ ಅದಕ್ಕೆಲ್ಲಿಯದು? ಕೊಳವೆಗಳು ಕಟ್ಟಿಕೊಂಡರೆ ಎಂಜಿನು ವಿಪರೀತ ಕಾದು, ಸಿಲಿಂಡರಿನ ಹೆಡ್ ಸೊಟ್ಟಗಾಗಬಹುದು. ಆಗಿನ ವೆಚ್ಚದ ಮುಂದೆ ಹೊಸ ರೇಡಿಯೇಟರಿನ ಬೆಲೆ ಏನೂ ಅಲ್ಲ.

ಕೈಯಲ್ಲಿ ಹಣ ಕಡಿಮೆಯಿದ್ದಷ್ಟೂ ಸೋರುವ ಸ್ಥಳವನ್ನು ಹುಡುಕುವುದೇ ಮೊದಲ ಕೆಲಸವಾಗಬೇಕೆಂಬುದು ನನ್ನ ಮತ. ರಾತ್ರಿ ಎಂಜಿನಿನ ಕೆಳಗೆ ಹಳೆಯ ರಟ್ಟೊಂದನ್ನು ಹಾಸಿಟ್ಟರೆ, ಬೆಳಗ್ಗೆ ಅದರ ಮೇಲಿನ ಕಲೆ ಎಲ್ಲಿ ನೋಡಬೇಕೆಂಬುದನ್ನು ತಿಳಿಸುತ್ತದೆ. ಎಷ್ಟೋ ವೇಳೆ ರಬ್ಬರು ಕೊಳವೆಯ ಕ್ಲ್ಯಾಂಪು ಸಡಿಲವಾಗಿರುತ್ತದೆ. ಸ್ಕ್ರೂಡ್ರೈವರಿನ ಎರಡು ಸುತ್ತು ಸಾಕು. ತಾಮ್ರ, ಹಿತ್ತಾಳೆಯ ಹಳೆಯ ರೇಡಿಯೇಟರಾದರೆ ಬೆಸುಗೆ ಹಾಕಿಸಬಹುದು. ಅಲ್ಯೂಮಿನಿಯಮ್ಮಿಗೆ ಪ್ಲಾಸ್ಟಿಕ್ ತೊಟ್ಟಿ ಜೋಡಿಸಿದ ಈಗಿನವುಗಳಿಗೆ ಆ ಅನುಕೂಲವಿಲ್ಲ.

ಯಾರೂ ಸಂಶಯಪಡದ ಭಾಗವೊಂದಿದೆ: ಮುಚ್ಚಳ. ಅದರ ಸ್ಪ್ರಿಂಗು ಒಳಗಿನ ಒತ್ತಡವನ್ನು ಹಿಡಿದಿಡುತ್ತದೆ. ಹೊರಗಿನದಕ್ಕಿಂತ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚಿದ್ದರೆ ನೀರು 100 ಡಿಗ್ರಿಗೆ ಬದಲು ಸುಮಾರು 120 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕುದಿಯುತ್ತದೆ. ಮುಚ್ಚಳದ ರಬ್ಬರು ಬಿರಿದರೆ ನೀರು ಬೇಗನೆ ಕುದಿದು ಉಕ್ಕಿಹೋಗುತ್ತದೆ. ಮಾಲೀಕನು ನಿರಪರಾಧಿಯಾದ ರೇಡಿಯೇಟರನ್ನು ಬಯ್ಯುತ್ತಾನೆ!

ಈ ಮುಚ್ಚಳವನ್ನು ಎಂಜಿನು ಬಿಸಿಯಿರುವಾಗ ತೆರೆಯಲೇಬಾರದು. ಏಕೆಂಬುದನ್ನು ವಿದ್ಯಾರ್ಥಿಗಳು ತಾವೇ ಲೆಕ್ಕಹಾಕಬಹುದು. ಒಳಗಿನ ನೀರು 110 ಡಿಗ್ರಿಯಲ್ಲಿದೆಯೆನ್ನೋಣ. ಒತ್ತಡ ಇಳಿದೊಡನೆ ಅದು 100 ಡಿಗ್ರಿಗೆ ಬರಬೇಕು. ಒಂದು ಕಿಲೋಗ್ರಾಂ ನೀರು ಹೀಗೆ ಬಿಟ್ಟುಕೊಡುವ ಶಾಖ ಸುಮಾರು 42 ಕಿಲೋಜೂಲ್. ಒಂದು ಕಿಲೋಗ್ರಾಂ ನೀರು ಆವಿಯಾಗಲು ಬೇಕಾದದ್ದು ಸುಮಾರು 2,257 ಕಿಲೋಜೂಲ್. ಆದುದರಿಂದ ಆವಿಯಾಗುವುದು ಕೇವಲ 19 ಗ್ರಾಂ. ಅಲ್ಪವೆಂದು ತೋರುವ ಈ ಆವಿ ಸುಮಾರು 30 ಲೀಟರ್ ಸ್ಥಳವನ್ನು ಬೇಡುತ್ತದೆ, ಮತ್ತು ಕುದಿನೀರನ್ನು ತನ್ನೊಡನೆ ಮುಖಕ್ಕೆ ಚಿಮ್ಮಿಸುತ್ತದೆ.

ಹೊರಗೆ ಎಲ್ಲಿಯೂ ತೇವವಿಲ್ಲದೆ ನೀರು ಮಾತ್ರ ಕಡಿಮೆಯಾಗುತ್ತಿದ್ದು, ಎಂಜಿನ್ ಎಣ್ಣೆ ಹಾಲುಬೆರೆತಂತೆ ಕಂಡರೆ, ಹೆಡ್ ಗ್ಯಾಸ್ಕೆಟ್ ಕೆಟ್ಟಿರುವ ಸಂಭವ ಹೆಚ್ಚು. ಅಲ್ಲಿ ಯಾವ ಪುಡಿಯನ್ನೂ ಪರೀಕ್ಷಿಸದೆ ಗಾಡಿಯನ್ನು ನಿಲ್ಲಿಸುವುದೇ ಮಿತವ್ಯಯ. ಸೋರಿಕೆ ಹೊರಗಿನದಾದರೆ, ಹಿಮಗಟ್ಟದ ನಮ್ಮ ಬಯಲುಸೀಮೆಯಲ್ಲಿ ದುರಸ್ತಿಯಾಗುವವರೆಗೆ ಬರಿಯ ನೀರನ್ನೇ ತುಂಬಿ ನಾಲ್ಕು ದಿನ ನಡೆಸಬಹುದು. ಕೊಳವೆಬಾವಿಯ ಗಡಸು ನೀರಿಗಿಂತ ಸೋಸಿದ ಮಳೆಯ ನೀರು ಮೇಲು. ಎಥಿಲೀನ್ ಗ್ಲೈಕಾಲ್ ಬೆರೆತ ಬಣ್ಣದ ದ್ರವ ನೆಲದ ಮೇಲೆ ಸೋರಿದ್ದರೆ ಕೂಡಲೆ ತೊಳೆದುಬಿಡಬೇಕು. ಅದು ಸಿಹಿಯಾದ ವಿಷ. ನಾಯಿಗಳು ನೆಕ್ಕುತ್ತವೆ, ಮಕ್ಕಳೂ ಬೆರಳದ್ದಿ ಬಾಯಿಗಿಟ್ಟುಕೊಳ್ಳಬಹುದು.