ಹಂದಿ ರೂಪಾಯಿಗೆ ಹಲ್ಲುಪುಡಿ

ಮಕ್ಕಳೇ, ಈ ಸಲದ ವರಮಹಾಲಕ್ಷ್ಮಿ ಹಬ್ಬದ ದಿನ ನಮ್ಮ ಮನೆಯಲ್ಲಿ ಒಂದು ಸಣ್ಣ ಅನಾಹುತ ಆಯಿತು. ದೇವರ ಮನೆಯ ಡಬ್ಬಿಯಲ್ಲಿ ನಮ್ಮ ಅಜ್ಜಿಯ ಮೂರು ಬೆಳ್ಳಿ ರೂಪಾಯಿಗಳಿವೆ. ಕಪ್ಪಾಗಿದ್ದ ಅವುಗಳಲ್ಲಿ ಒಂದನ್ನು ನನ್ನ ಮೊಮ್ಮಗಳು ಹಲ್ಲುಪುಡಿ ಹಾಕಿ, ಹಳೇ ಬ್ರಷ್ಷಿನಲ್ಲಿ ತಿಕ್ಕಿ, "ತಾತಾ, ಹೊಸದರ ಹಾಗಿದೆ ನೋಡು!" ಎಂದು ತಂದಳು. ನಾಣ್ಯ ಥಳಥಳ ಹೊಳೆಯುತ್ತಿತ್ತು. ನನ್ನ ಮುಖ ಕಪ್ಪಿಟ್ಟಿತು.

ಏಕೆಂದರೆ ಅದು 1911ರ ರೂಪಾಯಿ. ಐದನೇ ಜಾರ್ಜ್ ದೊರೆಯ ನಿಲುವಂಗಿಯ ಮೇಲೆ ಅದರಲ್ಲೊಂದು ಪುಟಾಣಿ ಆನೆ ಇದೆ. ಸೊಂಡಿಲು ಮೊಟಕಾಗಿ, ಜನರ ಕಣ್ಣಿಗೆ ಅದು ಹಂದಿಯಂತೆ ಕಂಡಿತು. ಗದ್ದಲವೆದ್ದು ಸರ್ಕಾರ ನಾಣ್ಯವನ್ನು ಹಿಂದಕ್ಕೆ ಪಡೆಯಿತು. 1912ರಲ್ಲಿ ಆನೆಯನ್ನು ತಿದ್ದಿ ಅಚ್ಚು ಹಾಕಿತು. ಹಾಗಾಗಿ 'ಹಂದಿ ರೂಪಾಯಿ'ಗೆ ಸಂಗ್ರಹಕಾರರಲ್ಲಿ ಬಲು ಬೇಡಿಕೆ.

ಪರಿಚಯದ ಸಂಗ್ರಹಕಾರರೊಬ್ಬರಿಗೆ ಮೂರನ್ನೂ ತೋರಿಸಿದೆ. ಅವರು ಅಂಚು ಹಿಡಿದು, ಭೂತಗನ್ನಡಿಯಲ್ಲಿ ನೋಡಿ ನಿಟ್ಟುಸಿರಿಟ್ಟರು. ಮೈತುಂಬ ಕೂದಲೆಳೆಯಂಥ ಗೀರುಗಳು! ಗಾಳಿಯಲ್ಲಿನ ಗಂಧಕದ ಅಂಶ ತಗುಲಿ ಬೆಳ್ಳಿ ಕಪ್ಪಾಗುತ್ತದೆ, ಅದು ಕೊಳೆಯಲ್ಲ. ತಿಕ್ಕಿದರೆ ಕಪ್ಪಿನ ಜೊತೆ ಬೆಳ್ಳಿಯೂ ಒಂದಿಷ್ಟು ಹೋಗುತ್ತದೆ. ಕಪ್ಪು ಮತ್ತೆ ಬಂದೀತು, ಗೀರು ಹೋಗದು. ತಿಕ್ಕದಿದ್ದರೆ ಕೊಡುತ್ತಿದ್ದ ಬೆಲೆಯಲ್ಲಿ ಅರ್ಧವನ್ನೂ ಈಗ ಕೊಡಲಾರೆ ಎಂದರು.

ಎರಡನೆಯದು 1918ರದ್ದು. ಅಪರೂಪದ್ದೇನಲ್ಲ, ಆದರೆ ಕಿರೀಟದ ಕುಸುರಿ, ಆನೆಯ ಕಿವಿ ಎಲ್ಲ ಸ್ಪಷ್ಟ. ನಾಣ್ಯ ಕೈಯಿಂದ ಕೈಗೆ ಹೋದಂತೆ ಮೊದಲು ಸವೆಯುವುದು ಇಂಥ ಉಬ್ಬಿದ ಜಾಗಗಳೇ. ಅವು ಉಳಿದಿದ್ದರೆ ಬೆಳ್ಳಿಯ ಬೆಲೆಗಿಂತ ಹೆಚ್ಚು ಸಿಗುತ್ತದೆ.

ಮೂರನೆಯದು ವಿಕ್ಟೋರಿಯಾ ರಾಣಿಯ 1862ರ ರೂಪಾಯಿ. ಅಜ್ಜಿ ಸರಕ್ಕೆ ಪೋಣಿಸಲು ಕೊಂಡಿ ಬೆಸೆಸಿದ್ದರು. ರಾಣಿಯ ಕೆನ್ನೆ ನುಣ್ಣಗಾಗಿದೆ. ಇದಕ್ಕೆ ತೂಕದ ಬೆಲೆ ಮಾತ್ರ. ತೂಕ ಒಂದು ತೊಲ, ಅಂದರೆ 11.66 ಗ್ರಾಂ, ನೂರಕ್ಕೆ ಸುಮಾರು 92 ಪಾಲು ಬೆಳ್ಳಿ. (1940ರ ನಂತರದವುಗಳಲ್ಲಿ ಬೆಳ್ಳಿ ಅರ್ಧಕ್ಕೆ ಇಳಿಯಿತು. ಅಜ್ಜ-ಅಜ್ಜಿಯರೇ, ಮಾರುವ ಮುನ್ನ ಇಸವಿ ನೋಡಿಕೊಳ್ಳಿ.)

ಬ್ಯಾಂಕಿನ ಕೌಂಟರಿನಲ್ಲಿ ಕೂತವನಿಗೆ ಇದು ವಿಚಿತ್ರವೇ. ಅಲ್ಲಿ ಮಾಸಿದ ನೂರರ ನೋಟಿಗೂ ಗರಿಗರಿ ನೋಟಿಗೂ ಒಂದೇ ಬೆಲೆ!

ಮೊಮ್ಮಗಳು ಅಳತೊಡಗಿದಳು. ಅವಳ ವಯಸ್ಸಿನಲ್ಲಿ ನಾನೂ ಅದೇ ವಿಕ್ಟೋರಿಯಾ ರೂಪಾಯಿಗೆ ಹುಣಸೆಹಣ್ಣು ತಿಕ್ಕಿ ಅಜ್ಜಿಯಿಂದ ಶಹಬ್ಬಾಸ್ ಪಡೆದವನು ಎಂದೆ. ಅಳು ನಿಂತಿತು. ಈಗ ಮೂರೂ ಬೇರೆ ಬೇರೆ ಕಾಗದದ ಲಕೋಟೆಯಲ್ಲಿವೆ. ಮೇಲೆ ಅವಳದೇ ದುಂಡನೆಯ ಅಕ್ಷರ: "ತಾತನೂ ಮುಟ್ಟಬಾರದು."