ರ‍್ಯಾಲಿಗೆ ಹೋಗಬಹುದು, ಊರಿಗೆ ಹೋಗುವಂತಿಲ್ಲ!

"ರೈಲು ಇರಲಿಲ್ಲೇನವಾ? ವಿಮಾನ ಸುಟ್ಟು ಹೋಗಿದ್ವೇನು?" 2019ರ ಜನವರಿಯಲ್ಲಿ ನಾನೂ ನಮ್ಮವರೂ ದಿಲ್ಲಿಯಿಂದ ಹಳೇ ಪದ್ಮಿನಿ ಕಾರಿನಲ್ಲಿ ಧಾರವಾಡಕ್ಕೆ ಬಂದಿಳಿದಾಗ ನಮ್ಮ ಹಿರೇ ನೆಗೆಣ್ಣಿ ಆಡಿದ ಮೊದಲ ಮಾತು ಇದು. ಆಮೇಲೆ ಓಣಿಯವರೆಲ್ಲ ಬಂದರು, ನಕ್ಕರು, ಬಾನೆಟ್ಟಿನ ಮೇಲೆ ಕೈಯಿಟ್ಟು ಫೋಟೋ ತೆಗೆಸಿಕೊಂಡರು, ಹೋಗುವಾಗ "ಗುಜರಿಗೆ ಹಾಕಿಬಿಡ್ರಿ" ಅಂತ ಬುದ್ಧಿ ಹೇಳಿ ಹೋದರು. ಅವತ್ತು ಸುಮ್ಮನಿದ್ದೆ. ಇವತ್ತು ಉತ್ತರ ಕೊಡುತ್ತೇನೆ.

ನಮ್ಮದು 1979ರ ಪ್ರೀಮಿಯರ್ ಪದ್ಮಿನಿ. ಮುಂಬಯಿಯ ಕುರ್ಲಾದಲ್ಲಿ ತಯಾರಾದದ್ದು. 1089 ಸಿಸಿ ಎಂಜಿನ್, ಗೇರು ಸ್ಟೇರಿಂಗಿನ ಪಕ್ಕದಲ್ಲೇ. 1988ರಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡೆವು. ಆರ್.ಕೆ. ಪುರಂನ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಮನೆ ಸರ್ಕಾರದ್ದು, ಫ್ಯಾನು ಸರ್ಕಾರದ್ದು. ನಮ್ಮದು ಅಂತ ಇದ್ದದ್ದು ಈ ಗಾಡಿ ಒಂದೇ. ಹೆರಿಗೆಗೆ ಆಸ್ಪತ್ರೆಗೆ ಹೋದದ್ದು ಇದರಲ್ಲಿ, ನಾಟಕದ ಪರದೆ, ಹಾರ್ಮೋನಿಯಂ ಸಾಗಿಸಿದ್ದು ಇದರಲ್ಲಿ. ಊರಿಂದ ಬಂದವರನ್ನು ನಿಜಾಮುದ್ದೀನ್ ಸ್ಟೇಷನ್ನಿನಿಂದ ಕರೆತಂದು ಆಗ್ರಾ ತೋರಿಸಿದ್ದೂ ಇದರಲ್ಲೇ. ಈಗ ಗುಜರಿ ಅನ್ನುವವರಲ್ಲಿ ಕೆಲವರು ಅವರೇ!

ದಿಲ್ಲಿ ಸೀಮೆಯಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿ, 15 ದಾಟಿದ ಪೆಟ್ರೋಲ್ ಗಾಡಿ ಓಡಕೂಡದೆಂದು ಹಸಿರು ನ್ಯಾಯಮಂಡಳಿ ಹೇಳಿತ್ತು. 2018ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ನಮಗೆ ಉಳಿದದ್ದು ಎರಡೇ ದಾರಿ: ಗುಜರಿ, ಇಲ್ಲವೇ ಎನ್‌ಒಸಿ ತಗೊಂಡು ಗಡೀಪಾರು. "ನಡಿ, ಊರಿಗೆ ಬಿಟ್ಟು ಬರೋಣು" ಅಂದರು ಇವರು.

ಲಾರಿಗೆ ಹಾಕಿ ಕಳಿಸಬಹುದಿತ್ತಲ್ಲ ಅಂತೀರಿ. ಕಳಿಸಬಹುದಿತ್ತು. ಆದರೆ ರಾಷ್ಟ್ರೀಯ ಹೆದ್ದಾರಿ 48 ಇದೆಯಲ್ಲ, ಅದು ದಿಲ್ಲಿಯಿಂದ ಹೊರಟು ಜಯಪುರ, ಉದಯಪುರ, ಅಹಮದಾಬಾದು, ಮುಂಬಯಿ, ಪುಣೆ, ಕೊಲ್ಲಾಪುರ, ಬೆಳಗಾವಿ ಹಾಯ್ದು ಧಾರವಾಡಕ್ಕೇ ಬರುತ್ತದೆ. ಮೂವತ್ತು ವರ್ಷ ಈ ದೇಶವನ್ನು ರೈಲಿನಲ್ಲಿ ಮಲಗಿಯೇ ದಾಟಿದ್ದೆವು. ಒಮ್ಮೆ ಎಚ್ಚರವಾಗಿದ್ದು ದಾಟಬೇಕು ಅನ್ನಿಸಿತು. ಎಂಟು ದಿನ ಹಿಡಿಯಿತು. ಗಾಡಿಗೆ ಹೆಸರು ಕೊಟ್ಟ ರಾಣಿಯ ಚಿತ್ತೋಡವನ್ನೂ ನೋಡಿಕೊಂಡೇ ಬಂದೆವು.

ಕೆಟ್ಟಿತೋ? ಕೆಟ್ಟಿತು. ಭೀಲವಾಡಾದ ಹತ್ತಿರ ಪಾಯಿಂಟ್ ಹೋಯಿತು. ಮುದುಕ ಮಿಸ್ತ್ರಿಯೊಬ್ಬ ಉಜ್ಜಿ ಕೂಡಿಸಿ ನೂರೈವತ್ತು ರೂಪಾಯಿ ತಗೊಂಡ. ಸೂರತ್ ದಾಟಿದ ಮೇಲೆ ಬಿಸಿಲಿಗೆ ಪೆಟ್ರೋಲ್ ಪಂಪು ಕೆಲಸ ನಿಲ್ಲಿಸಿತು. ಒದ್ದೆ ಟವೆಲು ಸುತ್ತಿ ಇಪ್ಪತ್ತು ನಿಮಿಷ ಕೂತೆವು, ಮತ್ತೆ ಹೊರಟಿತು. ಖಂಬಾಟ್ಕಿ ಘಾಟಿನಲ್ಲಿ ರೇಡಿಯೇಟರ್ ಕುದಿಯಿತು; ಲಾರಿಯವರು ನೀರು ಕೊಟ್ಟರು. ನಿಮ್ಮ ಹೊಸ ಗಾಡಿ ದಾರಿಯಲ್ಲಿ ನಿಂತರೆ ಒದ್ದೆ ಟವೆಲಿನಿಂದ ಆಗುತ್ತದೆಯೇ? ಲ್ಯಾಪ್‌ಟಾಪ್ ಹಿಡಿದವನು ಬರಬೇಕು!

ಹೊಗೆಯ ಮಾತು ಬಂದೇ ಬರುತ್ತದೆ, ಬರಲಿ. ದಿಲ್ಲಿಯ ನವೆಂಬರ್ ಏನೆಂದು ನನ್ನ ಎದೆಗೇ ಗೊತ್ತು. ಇನ್ಹೇಲರ್ ಇಲ್ಲದೆ ನಾನು ಮನೆ ಬಿಡುವುದಿಲ್ಲ. ಕಾರ್ಬ್ಯುರೇಟರಿನ ಗಾಡಿ ಒಂದು ಕಿಲೋಮೀಟರಿಗೆ ಇಂದಿನ ಗಾಡಿಗಿಂತ ಹೆಚ್ಚು ಹೊಗೆ ಬಿಡುತ್ತದೆ, ಒಪ್ಪಿದೆ. ಆದರೆ ನಮ್ಮದು ವರ್ಷಕ್ಕೆ ಸಾವಿರ ಕಿಲೋಮೀಟರೂ ಓಡುತ್ತಿರಲಿಲ್ಲ. ದಿನಾ ನೂರು ಕಿಲೋಮೀಟರ್ ಓಡುವ ಹೊಸ ಗಾಡಿಯ ಲೆಕ್ಕ ಕೇಳಿದವರುಂಟೇ? ಹೊಗೆ ಅಳೆಯಿರಿ, ಓಟ ಅಳೆಯಿರಿ. ಹುಟ್ಟಿದ ತಾರೀಖು ನೋಡಿ ಗಲ್ಲಿಗೇರಿಸಬೇಡಿ. 2025ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟೇ, ಬಿಎಸ್-4 ಮತ್ತು ಅದಕ್ಕೂ ಹೊಸ ಮಾನದಂಡದ ಗಾಡಿಗಳ ಮೇಲೆ ಬರೀ ವಯಸ್ಸಿನ ಕಾರಣಕ್ಕೆ ಕ್ರಮ ಬೇಡ ಅಂದಿತು. ಅರ್ಧ ದಾರಿ ಬಂದಂತಾಯಿತು.

ಇನ್ನರ್ಧ ಕೇಳಿ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ನಿಯಮ ತಂದಿತು. ಗಾಡಿಗೆ 50 ದಾಟಿರಬೇಕು, ಮೂಲ ರೂಪ ಕೆಟ್ಟಿರಬಾರದು, ಹೊಸ ನೋಂದಣಿಗೆ 20,000 ರೂಪಾಯಿ. ಆಗ 'ವಿಎ' ಅಕ್ಷರದ ನಂಬರು, ಮರ್ಯಾದೆ. ನಮ್ಮ ಪದ್ಮಿನಿಗೆ 50 ತುಂಬುವುದು 2029ಕ್ಕೆ. ಅಂದರೆ 15ಕ್ಕೆ ಕಸ, 50ಕ್ಕೆ ಕಳಶ! ನಡುವಿನ 35 ವರ್ಷ ಗಾಡಿ ಎಲ್ಲಿ ಅಡಗಿರಬೇಕು ಸ್ವಾಮಿ? ಬಂಗಲೆ, ಗ್ಯಾರೇಜು ಇದ್ದವನು ಅಡಗಿಸಿಡುತ್ತಾನೆ, ಗುಮಾಸ್ತ ಗುಜರಿಗೆ ಹಾಕುತ್ತಾನೆ. ಆಮೇಲೆ ಪ್ರದರ್ಶನದಲ್ಲಿ ಉಳಿಯುವುದು ಮಹಾರಾಜರ ಗಾಡಿಗಳಷ್ಟೇ. ಇನ್ನೂ ತಮಾಷೆಯೆಂದರೆ, ವಿಂಟೇಜ್ ಆದ ಮೇಲೂ ದಿನಬಳಕೆಗೆ ಓಡಿಸುವಂತಿಲ್ಲ. ಪ್ರದರ್ಶನಕ್ಕೆ ಹೋಗಬಹುದು, ರ‍್ಯಾಲಿಗೆ ಹೋಗಬಹುದು, ಊರಿಗೆ ಹೋಗುವಂತಿಲ್ಲ.

ಇದು ದಿಲ್ಲಿಯ ಕಾನೂನಾಯಿತು. ಊರಲ್ಲೇ ಇರುವವರೇ, ಈಗ ನಿಮ್ಮ ಸರದಿ.

ಗಡಿ ದಾಟಿದ ಕೂಡಲೇ ಒಂದು ಕಡೆ ಕೈ ಅಡ್ಡ ಹಾಕಿದರು. "ಕಹಾಂ ಸೆ ಆಯೇ?" ಎಂಟು ದಿನದಿಂದ ಕನ್ನಡದ ಬೋರ್ಡಿಗಾಗಿ ಕಣ್ಣು ಬಿಟ್ಟುಕೊಂಡು ಬಂದವರಿಗೆ ಕನ್ನಡದ ನೆಲದ ಮೊದಲ ಮಾತು ಅದು. "ಧಾರವಾಡದವ್ರ ಇದ್ದೇವ್ರಿ" ಅಂದೆ. "ನಂಬರ್ ದಿಲ್ಲೀದೈತಲ್ರಿ ಮತ್ತ?" ಅಂದ. ಮನುಷ್ಯರ ಊರು ನಂಬರ್ ಪ್ಲೇಟಿನಲ್ಲಿ ಇರುತ್ತದೆಯೇ?

ಬೇರೆ ರಾಜ್ಯದ ಗಾಡಿ 12 ತಿಂಗಳಿಗಿಂತ ಹೆಚ್ಚು ನಿಂತರೆ ಹೊಸ ನಂಬರು ಪಡೆಯಬೇಕು ಅನ್ನುವುದು ಕಾನೂನು. ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ಆ ಒಂದು ಕಾಗದಕ್ಕೆ ನಮ್ಮ ಭಾವನವರು ಹನ್ನೊಂದು ಸಲ ಕಚೇರಿ ಹತ್ತಿಳಿದರು. ಪ್ರತಿ ಸಲವೂ ಒಂದೇ ಪ್ರಶ್ನೆ: "ಇಷ್ಟು ಹಳೇದು ಯಾಕ್ರೀ ಬೇಕು?" ನವೆಂಬರಿನಲ್ಲಿ ನಮ್ಮನ್ನು ಹೊರನಾಡ ಕನ್ನಡಿಗರು ಅಂತ ಶಾಲು ಹೊದಿಸುವ ನೀವು, ನಾವು ಹಳೇ ಸಾಮಾನು ಸಮೇತ ಹೊಸ್ತಿಲಿಗೆ ಬಂದು ನಿಂತರೆ ಯಾಕೆ ಮುಖ ಸಿಂಡರಿಸುತ್ತೀರಿ? ಶಾಲು ಬೇಡ. ಹೊರಗಿನಿಂದ ಬಂದ ಗಾಡಿಯ ಕೆಲಸ ಒಂದೇ ಕಿಟಕಿಯಲ್ಲಿ, ಹೇಳಿದ ದಿನಕ್ಕೆ ಮುಗಿಯಲಿ. ಹೊರಗಿನ ನಂಬರು ಕಂಡರೂ ಮೊದಲ ಮಾತು ಕನ್ನಡದಲ್ಲಿ ಬರಲಿ. ಇಷ್ಟೇ ಕೇಳುವುದು.

ನಾವಿನ್ನೂ ದಿಲ್ಲಿಯಲ್ಲೇ ಇದ್ದೇವೆ, ಮೆಟ್ರೋದಲ್ಲಿ ಓಡಾಡುತ್ತೇವೆ. ಗಾಡಿ ಧಾರವಾಡದಲ್ಲಿದೆ, ಅದಕ್ಕೀಗ ಕೆಎ-25 ನಂಬರು. ಊರಿಗೆ ಹೋದಾಗ ಅದರಲ್ಲೇ ಸಂತೆಗೆ ಹೋಗುತ್ತೇವೆ. ಗಾಡಿ ಅದೇ, ಕೂತವರೂ ನಾವೇ. ಈಗ ಯಾರೂ ಹಿಂದಿಯಲ್ಲಿ ಕೇಳುವುದಿಲ್ಲ.